ರಾತ್ರಿ ತಾನೇ ರೀಬೂಟ್ ಆದ ಸರ್ವರ್: ಬೆಳಿಗ್ಗೆ ಸಾಕ್ಷಿ ಎಲ್ಲಿ ಹುಡುಕುವುದು?

ಪ್ರಶ್ನೆ: ನಮಸ್ಕಾರ ಸರ್. ನಾನು ಮಲ್ಪೆ ಹತ್ತಿರದ ಒಂದು ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುವವನು. ಕಂಪ್ಯೂಟರ್ ಸ್ವಲ್ಪ ಗೊತ್ತುಂಟು ಎಂಬ ಕಾರಣಕ್ಕೆ ಸರ್ವರ್ ಕೂಡ ನನ್ನ ತಲೆಗೇ ಬಿದ್ದಿದೆ. ನಾಲ್ಕೂವರೆ ವರ್ಷದ ಟವರ್ ಸರ್ವರ್, 16 ಜಿಬಿಯ ನಾಲ್ಕು ಇಸಿಸಿ (ಸಣ್ಣ ತಪ್ಪುಗಳನ್ನು ತಾನೇ ತಿದ್ದಿಕೊಳ್ಳುವ) ರ‍್ಯಾಮ್, ಲಿನಕ್ಸ್. ಬಿಲ್ಲಿಂಗ್, ಸ್ಟಾಕ್, ಚೇಂಬರುಗಳ ಟೆಂಪರೇಚರ್ ಎಲ್ಲ ಅದರಲ್ಲೇ. ಎರಡು ತಿಂಗಳಲ್ಲಿ ಆರು ಸಲ ರಾತ್ರಿ ತಾನಾಗಿ ರೀಬೂಟ್ ಆಗಿದೆ. ಟೆಂಪರೇಚರ್ ನಿಮಿಷಕ್ಕೊಮ್ಮೆ ದಾಖಲಾಗುವುದರಿಂದ ನಿಂತ ಸಮಯ ಗೊತ್ತಾಗುತ್ತದೆ, ಕಳೆದ ಸಲ ಬೆಳಗಿನ ಜಾವ 2:17. ಇನ್ನೂ ಎರಡು ಸಲ ಪೂರ್ತಿ ಹ್ಯಾಂಗ್ ಆಗಿತ್ತು, ವಾಚ್‌ಮನ್ ಪ್ಲಗ್ ಎಳೆದು ಹಾಕಿದ. ಬೆಳಿಗ್ಗೆ ಬಂದು ಡಿಮೆಸೇಜ್ ನೋಡಿದರೆ ಒಂದು ಎರರ್ ಇಲ್ಲ. ಕಂಪನಿಯವರು 'ಲಾಗ್ ಕೊಡಿ, ಇಲ್ಲದಿದ್ದರೆ ಕ್ಲೇಮ್ ಇಲ್ಲ, ನಿಮ್ಮ ಕರೆಂಟಿನ ಸಮಸ್ಯೆ' ಎನ್ನುತ್ತಾರೆ. ವಾರಂಟಿ ಉಳಿದಿರುವುದು ನಾಲ್ಕು ತಿಂಗಳು. ಪೇಟೆಯ ಅಂಗಡಿಯವರು ರ‍್ಯಾಮ್ ತೆಗೆದು ರಬ್ಬರಿನಲ್ಲಿ ಉಜ್ಜಿ ಹಾಕಿದರು, ಹನ್ನೆರಡು ದಿನ ಸರಿ ಇತ್ತು, ಪುನಃ ಶುರು. ಹಾರ್ಡ್‌ವೇರ್ ಎರರ್ ರೀಬೂಟ್ ಆದ ಮೇಲೂ ಉಳಿಯುವ ಹಾಗೆ ಮಾಡಬಹುದಾ? ಅದಕ್ಕೆಂದೇ ಇರುವ ಪಿಸ್ಟೋರ್ ಎಂಬುದನ್ನು ಆನ್ ಮಾಡಿದರೆ ಮದರ್‌ಬೋರ್ಡೇ ಸತ್ತುಹೋಗುತ್ತದೆ ಎಂದು ಗೆಳೆಯನೊಬ್ಬ ಹೆದರಿಸಿದ್ದಾನೆ. ನಿಜವಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಅಂಟಿಕೊಂಡಿವೆ. ಸರ್ವರ್ ಏಕೆ ಬೀಳುತ್ತದೆ ಎಂಬುದು ಒಂದು, ಬಿದ್ದದ್ದನ್ನು ಕಂಪನಿಯವರಿಗೆ ತೋರಿಸುವುದು ಹೇಗೆ ಎಂಬುದು ಇನ್ನೊಂದು. ನಾಲ್ಕೇ ತಿಂಗಳು ಇರುವುದರಿಂದ ಎರಡನೆಯದನ್ನು ಮೊದಲು ಹಿಡಿಯುವ. ಅದು ಸಿಕ್ಕಿದರೆ ಮೊದಲನೆಯದು ಅರ್ಧ ಬಿಡಿಸಿದ ಹಾಗೆಯೇ. ಕಮಾಂಡುಗಳನ್ನು ಫೋನಿನಲ್ಲಿ ಹೇಳುವ ಹಾಗೆ ಬರೆಯುತ್ತೇನೆ, ನಿಮಗೆ ಟೈಪ್ ಮಾಡಲು ಕಷ್ಟವಾಗದು.

ಡಿಮೆಸೇಜ್ ಕ್ಲೀನ್ ಇದೆ ಎಂಬುದಕ್ಕೆ ಬೆಲೆ ಕೊಡಬೇಡಿ. ಅದು ಕರ್ನಲ್ (ಲಿನಕ್ಸಿನ ತಿರುಳು) ರ‍್ಯಾಮಿನಲ್ಲಿ ಇಟ್ಟುಕೊಳ್ಳುವ ಚೀಟಿ. ಪ್ರತಿ ಬೂಟಿನಲ್ಲೂ ಹೊಸದಾಗಿ ಹುಟ್ಟುತ್ತದೆ. ಬೆಳಿಗ್ಗೆ ಎಂಟಕ್ಕೆ ನೀವು ನೋಡಿದ್ದು 2:17ರ ನಂತರ ಹುಟ್ಟಿದ ಚೀಟಿ, ಅದರಲ್ಲಿ ಅದಕ್ಕೂ ಹಿಂದಿನ ಕಥೆ ಇರುವುದಾದರೂ ಹೇಗೆ? ನಿಮಗೆ ಬೇಕಾದದ್ದು ಹಿಂದಿನ ಬೂಟಿನ ಲಾಗ್: ಜರ್ನಲ್‌ಸಿಟಿಎಲ್, ಮೈನಸ್ ಕೆ, ಮೈನಸ್ ಬಿ, ಮೈನಸ್ ಒಂದು. ಇದು ಸಿಗಬೇಕಾದರೆ ಜರ್ನಲ್ ಡಿಸ್ಕಿನಲ್ಲಿ ಉಳಿಯುತ್ತಿರಬೇಕು. ಉಬುಂಟುವಿನಲ್ಲಿ ಸಾಮಾನ್ಯವಾಗಿ ಉಳಿಯುತ್ತದೆ. ರೆಡ್‌ಹ್ಯಾಟ್ ಬಳಗದ ಸಿಸ್ಟಂಗಳಲ್ಲಿ ವಾರ್-ಲಾಗ್ ಒಳಗೆ ಜರ್ನಲ್ ಎಂಬ ಫೋಲ್ಡರ್ ನೀವೇ ಮಾಡದಿದ್ದರೆ ಜರ್ನಲ್ ರ‍್ಯಾಮಿನಲ್ಲೇ ಇದ್ದು ಹೋಗಿಬಿಡುತ್ತದೆ. ಅಲ್ಲಿ ಹಳೆಯದು ನೋಡಬೇಕಾದರೆ ಮೆಸೇಜಸ್ ಫೈಲ್ ತೆರೆಯಬೇಕು. ಇವತ್ತೇ ಜರ್ನಲ್‌ಡಿಯ ಸೆಟ್ಟಿಂಗಿನಲ್ಲಿ ಸ್ಟೋರೇಜ್ ಅನ್ನು ಪರ್ಸಿಸ್ಟೆಂಟ್ ಮಾಡಿ. ಐದು ನಿಮಿಷದ ಕೆಲಸ.

ಅದನ್ನು ಮಾಡಿದರೂ ಅದೊಂದರಲ್ಲೇ ನಿಮಗೆ ಉತ್ತರ ಸಿಗುತ್ತದೆ ಎಂದು ನನಗೆ ಅನಿಸುವುದಿಲ್ಲ. ಸರಿಪಡಿಸಲಾಗದ ಮೆಮೊರಿ ಎರರ್ ಬಂದ ಕ್ಷಣದಲ್ಲಿ ಕರ್ನಲ್‌ಗೆ ತನ್ನದೇ ಮೆಮೊರಿಯ ಮೇಲೆ ನಂಬಿಕೆ ಇರುವುದಿಲ್ಲ. ಡಿಸ್ಕ್ ಡ್ರೈವರ್, ಫೈಲ್ ಸಿಸ್ಟಂ ಎಲ್ಲವೂ ಇರುವುದು ಅದೇ ಮೆಮೊರಿಯಲ್ಲಿ. ಆಗ ಡಿಸ್ಕಿಗೆ ಬರೆಯಲು ಹೋದರೆ ಕೆಟ್ಟುಹೋದ ಅಂಕಿ ನಿಮ್ಮ ಸ್ಟಾಕಿನ ಟೇಬಲ್ ಮೇಲೆ ಬಿದ್ದೀತು. ಹಾಗಾಗಿ ಅದು ಬೇಕೆಂದೇ ಡಿಸ್ಕನ್ನು ಮುಟ್ಟದೆ ನಿಲ್ಲುತ್ತದೆ. ಲಾಗ್ ಕೊನೆಯ ಸಾಲಿನಲ್ಲಿ ಕತ್ತರಿಸಿದ ಹಾಗೆ ನಿಂತಿದ್ದು, ಶಟ್‌ಡೌನಿನ ಸುದ್ದಿಯೇ ಇಲ್ಲದಿದ್ದರೆ ಅದಕ್ಕೆ ಕಾರಣ ಇಂಥದ್ದೇ, ಇಲ್ಲವೇ ಕರೆಂಟು. ಎರಡರಲ್ಲಿ ಯಾವುದು ಎಂದು ಹೇಳುವ ಶಕ್ತಿ ಡಿಸ್ಕಿನ ಲಾಗಿಗೆ ಇಲ್ಲ. ಸಾಕ್ಷಿಯನ್ನು ಬೇರೆ ಕಡೆ ಹುಡುಕಬೇಕು.

ಮೊದಲ ಜಾಗ ಪ್ರೊಸೆಸರಿನ ಒಳಗೇ ಉಂಟು. ಅದರಲ್ಲಿ ಮಷಿನ್ ಚೆಕ್ ಬ್ಯಾಂಕ್ ಎಂಬ ರಿಜಿಸ್ಟರುಗಳ ಗುಂಪುಗಳಿವೆ. ಕ್ಯಾಶ್, ಮೆಮೊರಿ ಕಂಟ್ರೋಲರ್, ಒಳಗಿನ ಬಸ್, ಹೀಗೆ ಒಂದೊಂದು ಭಾಗಕ್ಕೆ ಒಂದೊಂದು ಬ್ಯಾಂಕ್. ಎರರ್ ಬಂದ ಕೂಡಲೇ ಎಂಥ ಎರರ್, ಸರಿಪಡಿಸಿದ್ದೋ ಅಲ್ಲವೋ, ಯಾವ ವಿಳಾಸದಲ್ಲಿ ಎಂಬುದನ್ನು ಹಾರ್ಡ್‌ವೇರೇ ಅಲ್ಲಿ ಬರೆದಿಡುತ್ತದೆ, ಸಾಫ್ಟ್‌ವೇರಿನ ಹಂಗಿಲ್ಲ. ಇದು ವಾರ್ಮ್ ರೀಸೆಟ್ ಆದರೆ ಅಳಿಯುವುದಿಲ್ಲ. ಯಂತ್ರ ಕರೆಂಟು ಕಳೆದುಕೊಳ್ಳದೆ ಮತ್ತೆ ಎದ್ದರೆ ಹಳೆಯ ಬರಹ ಹಾಗೆಯೇ ಇರುತ್ತದೆ, ಕರ್ನಲ್ ಬೂಟ್ ಆಗುವಾಗ ಅದನ್ನು ಓದಿ ಹೊಸ ಲಾಗಿಗೆ ಹಾಕುತ್ತದೆ. ಪ್ಲಗ್ ಎಳೆದರೆ ಮಾತ್ರ ಎಲ್ಲ ಸೊನ್ನೆ.

ನಿಮ್ಮ ವಾಚ್‌ಮನ್ ಮಾಡಿದ್ದು ಅದನ್ನೇ. ಅವರನ್ನು ಬೈಯಬೇಡಿ, ನಾವೇ ಎಲ್ಲರಿಗೂ 'ಒಮ್ಮೆ ಆಫ್ ಮಾಡಿ ಆನ್ ಮಾಡಿ' ಎಂದು ಹೇಳಿಕೊಟ್ಟವರು. 2012ರಲ್ಲಿ ಮಂಗಳೂರಿನ ಬಂದರಿನಲ್ಲಿ ಒಂದು ಶಿಪ್ಪಿಂಗ್ ಆಫೀಸಿನ ಸರ್ವರ್ ನನಗೆ ಹೀಗೆಯೇ ಎರಡು ವಾರ ಕಾಟ ಕೊಟ್ಟಿತ್ತು. ವಾರಕ್ಕೆ ಎರಡು ಸಲ ನಿಲ್ಲುವುದು, ಲಾಗಿನಲ್ಲಿ ಏನೂ ಇಲ್ಲ. ನಾನು ಎಸ್‌ಎಂಪಿಎಸ್ ಬದಲಿಸಿದೆ, ಯುಪಿಎಸ್ ಬದಲಿಸಿದೆ. ಕೊನೆಗೊಂದು ದಿನ ಅಲ್ಲಿ ಕುಳಿತಿದ್ದಾಗಲೇ ಬಿತ್ತು. ಆಫೀಸಿನ ಹಿರಿಯ ಕ್ಲಾರ್ಕ್ ಎದ್ದು ಹೋಗಿ ಪ್ಲಗ್ ತೆಗೆದು, ಗಡಿಯಾರ ನೋಡುತ್ತ ಹತ್ತು ನಿಮಿಷ ನಿಂತರು. 'ತಣಿಯಲಿ ಮಾರಾಯ್ರೇ' ಎಂದರು. ಪ್ರತಿ ಸಲವೂ ಅವರು ಅಷ್ಟೇ ಶ್ರದ್ಧೆಯಿಂದ ಸಾಕ್ಷಿ ತೊಳೆಯುತ್ತಿದ್ದರು. ಸ್ವಿಚ್ಚಿನ ಮೇಲೆ 'ಪ್ಲಗ್ ಮುಟ್ಟಬೇಡಿ, ರೀಸೆಟ್ ಬಟನ್ ಒತ್ತಿ' ಎಂದು ಬರೆದು ಅಂಟಿಸಿ ಬಂದೆ. ಮುಂದಿನ ಸಲ ಬಿದ್ದಾಗ ಬೂಟ್ ಲಾಗಿನಲ್ಲಿ 'ಹಾರ್ಡ್‌ವೇರ್ ಎರರ್' ಎಂಬ ಸಾಲು, ಅದರ ಕೆಳಗೆ ಬ್ಯಾಂಕ್ 8. ಆ ತಲೆಮಾರಿನ ಇಂಟೆಲ್ ಝಿಯಾನ್‌ನಲ್ಲಿ ಬ್ಯಾಂಕ್ 8 ಎಂದರೆ ಮೆಮೊರಿ ಕಂಟ್ರೋಲರ್. ಒಂದು ರ‍್ಯಾಮ್ ಬದಲಿಸಿದ ಮೇಲೆ ಆ ಯಂತ್ರ ಮತ್ತೆ ತೊಂದರೆ ಕೊಡಲಿಲ್ಲ.

ನಿಮ್ಮ ಟವರಿನಲ್ಲಿ ರೀಸೆಟ್ ಬಟನ್ ಇಲ್ಲದಿರಬಹುದು, ಈಗಿನ ಅನೇಕ ಸರ್ವರುಗಳಲ್ಲಿ ಇಲ್ಲ. ಪವರ್ ಬಟನನ್ನು ಒತ್ತಿ ಹಿಡಿಯುವುದೂ ಕರೆಂಟು ತೆಗೆದ ಹಾಗೆಯೇ. ಮದರ್‌ಬೋರ್ಡಿನಲ್ಲಿರುವ ಬಿಎಂಸಿ ಎಂಬ ಮೇಲ್ವಿಚಾರಕ ಚಿಪ್ಪಿನ ಪುಟಕ್ಕೆ ಹೋಗಿ ರೀಸೆಟ್ ಆರಿಸಬೇಕು. ಪವರ್ ಸೈಕಲ್ ಎಂಬುದು ಅದರ ಪಕ್ಕದಲ್ಲೇ ಇರುತ್ತದೆ, ಅದನ್ನಲ್ಲ. ಸೈಕಲ್ ಎಂದರೆ ಕರೆಂಟು ಕಡಿದು ಕೊಡುವುದು.

ಬಿಎಂಸಿಯ ಹೆಸರು ಬಂದದ್ದು ಒಳ್ಳೆಯದಾಯಿತು, ನಿಮ್ಮ ಎರಡನೆಯ ಸಾಕ್ಷಿ ಅದರ ಹತ್ತಿರವೇ ಇರುವುದು. ಇದು ಸರ್ವರಿನೊಳಗಿನ ಬೇರೆಯೇ ಒಂದು ಪುಟ್ಟ ಕಂಪ್ಯೂಟರ್. ಸರ್ವರ್ ಆಫ್ ಇದ್ದರೂ ಪ್ಲಗ್ಗಿನಲ್ಲಿ ಕರೆಂಟು ಇರುವವರೆಗೆ ಎಚ್ಚರವಾಗಿರುತ್ತದೆ, ಮತ್ತು ತಾನು ಕಂಡದ್ದನ್ನು ಸಿಸ್ಟಂ ಇವೆಂಟ್ ಲಾಗ್ ಎಂಬಲ್ಲಿ ಅಳಿಯದ ಮೆಮೊರಿಗೆ ಬರೆಯುತ್ತದೆ. ಇದು ಪ್ಲಗ್ ಎಳೆದರೂ ಹೋಗುವುದಿಲ್ಲ. ಬಿಎಂಸಿಯ ಜೊತೆ ಮಾತಾಡುವ ಐಪಿಎಂಐಟೂಲ್ ಎಂಬ ಪ್ರೋಗ್ರಾಂ ಹಾಕಿ 'ಸೆಲ್ ಇಲಿಸ್ಟ್' ಕೊಡಿ. ಎಂಟು ಸಲ ಬಿದ್ದ ಯಂತ್ರದಲ್ಲಿ ಏನಾದರೂ ಇದ್ದೇ ಇರುತ್ತದೆ ಎಂಬುದು ನನ್ನ ಅಂದಾಜು. ನೀವು ಈವರೆಗೆ ಇದನ್ನು ತೆರೆದೇ ನೋಡಿಲ್ಲ ಎಂದು ಪತ್ರ ನೋಡಿದರೆ ಅನಿಸುತ್ತದೆ.

ನೋಡುವಾಗ ಸಮಯದ ಬಗ್ಗೆ ಎಚ್ಚರ. ಬಿಎಂಸಿಯ ಗಡಿಯಾರ ಎಷ್ಟೋ ಕಡೆ ಗ್ರೀನ್‌ವಿಚ್ ಸಮಯದಲ್ಲೇ ಇರುತ್ತದೆ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ನಿಮ್ಮ 2:17 ಅಲ್ಲಿ ಹಿಂದಿನ ದಿನಾಂಕದ 20:47 ಆಗಿರುತ್ತದೆ. 2:17ರ ಹತ್ತಿರ ಏನೂ ಇಲ್ಲ ಎಂದು ಮುಚ್ಚಿಬಿಟ್ಟವರನ್ನು ಎಷ್ಟೋ ಸಲ ನೋಡಿದ್ದೇನೆ. ತಾರೀಕು 1970 ಎಂದು ತೋರಿಸಿದರೆ ಗಡಿಯಾರ ಸೆಟ್ ಆಗುವ ಮೊದಲು ಬರೆದ ದಾಖಲೆ, ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿಯನ್ನೂ ಒಮ್ಮೆ ನೋಡಿ. ಆಮೇಲೆ 'ಸೆಲ್ ಇನ್ಫೋ' ಕೊಟ್ಟು ಎಷ್ಟು ಪರ್ಸೆಂಟ್ ತುಂಬಿದೆ ನೋಡಿಕೊಳ್ಳಿ. ಲಾಗ್ ಪೂರ್ತಿ ತುಂಬಿದರೆ ಕೆಲವು ಬಿಎಂಸಿ ಹಳೆಯದರ ಮೇಲೆ ಬರೆಯುತ್ತದೆ, ಕೆಲವು ಬರೆಯುವುದನ್ನೇ ನಿಲ್ಲಿಸುತ್ತದೆ. ನಾಲ್ಕೂವರೆ ವರ್ಷ ಯಾರೂ ಖಾಲಿ ಮಾಡದ ಲಾಗಿನಲ್ಲಿ ಫ್ಯಾನು, ಕರೆಂಟು, ಮುಚ್ಚಳ ತೆರೆದದ್ದು ಎಂದೇ ಜಾಗ ಮುಗಿದಿರಬಹುದು. ಇದ್ದದ್ದನ್ನು ಫೈಲಿಗೆ ಇಳಿಸಿಕೊಂಡು, ಅದು ಸರಿಯಾಗಿ ಬಂದಿದೆ ಎಂದು ತೆರೆದು ನೋಡಿ, ಆಮೇಲೆ ಮಾತ್ರ ಕ್ಲಿಯರ್ ಮಾಡಿ.

ಒಂದು ಉಪಕಥೆ. ಬಿಎಂಸಿಯ ನೆಟ್‌ವರ್ಕ್ ಪೋರ್ಟಿಗೆ ಕೇಬಲ್ ಹಾಕಿದರೆ ಆಫೀಸಿನ ಒಳಗಿನ ನೆಟ್‌ವರ್ಕಿಗೆ ಮಾತ್ರ ಹಾಕಿ. ಮನೆಯಿಂದ ನೋಡಲು ಸುಲಭ ಎಂದು ರೌಟರಿನಲ್ಲಿ ಹೊರಗೆ ತೆರೆದಿಡಬೇಡಿ. ಬಿಎಂಸಿ ಬಳಸುವ ಐಪಿಎಂಐ 2.0 ಎಂಬ ಪ್ರೋಟೋಕಾಲಿನ ಲಾಗಿನ್ ವಿಧಾನದಲ್ಲೇ ಪಾಸ್‌ವರ್ಡಿನ ಹ್ಯಾಶ್ (ಗುಟ್ಟು ರೂಪ) ಹೊರಗಿನವರ ಕೈಗೆ ಸಿಗುವ ದೋಷ ಉಂಟು. ಅದು ಪ್ರೋಟೋಕಾಲಿನಲ್ಲೇ ಇರುವುದರಿಂದ ಅಪ್‌ಡೇಟ್ ಹಾಕಿದರೆ ಹೋಗುವಂಥದ್ದಲ್ಲ.

ಈಗ ನಿಮ್ಮ ಗೆಳೆಯ ಹೆದರಿಸಿದ ವಿಷಯಕ್ಕೆ ಬರುವ. ರೀಬೂಟ್ ದಾಟಿ ಎರರ್ ಉಳಿಸಲೆಂದೇ ಒಂದು ವ್ಯವಸ್ಥೆ ಉಂಟು. ಫರ್ಮ್‌ವೇರ್ (ಬಯಾಸಿನಂಥ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಮತ್ತು ಆಪರೇಟಿಂಗ್ ಸಿಸ್ಟಂ ನಡುವಿನ ಒಪ್ಪಂದವಾದ ಎಸಿಪಿಐಯ 2009ರ 4.0 ಆವೃತ್ತಿಯಲ್ಲಿ ಎಪಿಇಐ ಎಂಬ ಭಾಗ ಸೇರಿತು. ಅದರಲ್ಲಿ ನಮಗೆ ಬೇಕಾದ ಟೇಬಲ್ಲುಗಳು ಎರಡು. ಇಆರ್‌ಎಸ್‌ಟಿ ಎಂಬುದು ಸಾಯುವ ಕರ್ನಲ್‌ಗೆ ಫರ್ಮ್‌ವೇರ್ ಕೊಡುವ ಪುಟ್ಟ ಕಪಾಟು: ಡಿಸ್ಕ್ ಬೇಡ, ಫೈಲ್ ಸಿಸ್ಟಂ ಬೇಡ, ಕೊನೆಯ ಎರರಿನ ದಾಖಲೆಯನ್ನು ನೇರ ಅಳಿಯದ ಮೆಮೊರಿಗೆ ಇಡಬಹುದು. ಬರ್ಟ್ ಎಂಬುದು ತಿರುಗುಮುರುಗು: ಹಿಂದಿನ ಬೂಟಿನಲ್ಲಿ ಕರ್ನಲ್‌ಗೆ ಮುಟ್ಟದೇ ಹೋದ ಎರರನ್ನು ಫರ್ಮ್‌ವೇರೇ ಎತ್ತಿಟ್ಟುಕೊಂಡು ಹೊಸ ಬೂಟಿನಲ್ಲಿ ಒಪ್ಪಿಸುತ್ತದೆ. ಲಿನಕ್ಸಿನಲ್ಲಿ ಈ ಕಪಾಟಿನೊಳಗಿನ ವಸ್ತುಗಳನ್ನು ಫೈಲುಗಳ ಹಾಗೆ ತೋರಿಸುವುದೇ ಪಿಸ್ಟೋರ್. 2011ರಲ್ಲಿ 2.6.39 ಕರ್ನಲ್‌ನಿಂದ ಇದೆ. ಸಿಸ್ ಒಳಗೆ ಎಫ್‌ಎಸ್, ಅದರೊಳಗೆ ಪಿಸ್ಟೋರ್ ಎಂಬ ಫೋಲ್ಡರ್. ಹೊಸ ಸಿಸ್ಟಂಗಳಲ್ಲಿ ಸಿಸ್ಟಂಡಿ (ಬೂಟನ್ನು ನಡೆಸುವ ಪ್ರೋಗ್ರಾಂ) ಬೂಟ್ ಆಗುವಾಗ ಅಲ್ಲಿಂದ ಎತ್ತಿ ವಾರ್-ಲಿಬ್-ಸಿಸ್ಟಂಡಿ-ಪಿಸ್ಟೋರ್‌ಗೆ ಸಾಗಿಸಿ, ಫರ್ಮ್‌ವೇರಿನ ಜಾಗ ಖಾಲಿ ಮಾಡುತ್ತದೆ. ಹಾಗಾಗಿ ಎರಡೂ ಕಡೆ ನೋಡಿ. ನೀವು ಏನೂ ಆನ್ ಮಾಡದೆಯೇ ಅಲ್ಲಿ ಆಗಲೇ ಫೈಲುಗಳು ಕುಳಿತಿದ್ದರೆ ಆಶ್ಚರ್ಯಪಡಬೇಡಿ. ಒಬ್ಬರ ಯಂತ್ರದಲ್ಲಿ ಎಂಟು ತಿಂಗಳ ಕ್ರ್ಯಾಶುಗಳು ಸಾಲಾಗಿ ಕುಳಿತಿದ್ದವು, ಆ ಫೋಲ್ಡರಿನ ಹೆಸರನ್ನೇ ಯಾರೂ ಕೇಳಿರಲಿಲ್ಲ.

ಹೆದರಿಕೆಗೆ ಆಧಾರ ಇಲ್ಲದಿಲ್ಲ. ಪಿಸ್ಟೋರ್‌ಗೆ ಕಪಾಟು ಒಂದೇ ಬಗೆಯದಲ್ಲ. ಇಆರ್‌ಎಸ್‌ಟಿ ಇಲ್ಲದ ಕಡೆ ಅದು ಯುಇಎಫ್‌ಐ (ಹೊಸ ಬಗೆಯ ಬಯಾಸ್) ವೇರಿಯೇಬಲ್‌ಗಳಲ್ಲಿ ಬರೆಯಬಲ್ಲದು, ಎಂದರೆ ಬೂಟ್ ಸೆಟ್ಟಿಂಗುಗಳು ಇರುವ ಅದೇ ಫ್ಲ್ಯಾಶಿನಲ್ಲಿ. 2013ರಲ್ಲಿ ಕೆಲವು ಸ್ಯಾಮ್‌ಸಂಗ್ ಲ್ಯಾಪ್‌ಟಾಪ್‌ಗಳು ಆ ಜಾಗ ತುಂಬಿದ ಮೇಲೆ ಮತ್ತೆ ಬೂಟ್ ಆಗಲೇ ಇಲ್ಲ. ಆ ಸುದ್ದಿ ದೊಡ್ಡದಾಯಿತು, ನಿಮ್ಮ ಗೆಳೆಯನ ಕಿವಿಗೆ ಬಿದ್ದದ್ದು ಅದೇ ಇರಬೇಕು. ದೋಷ ಆ ಫರ್ಮ್‌ವೇರಿನದು. ಆದರೂ ಜಾಗ ಪೂರ್ತಿ ತುಂಬುವ ಮೊದಲೇ ಬರೆಯಲು ನಿರಾಕರಿಸುವ ತಡೆಯನ್ನು ಕರ್ನಲ್‌ನಲ್ಲಿ ಹಾಕಿದರು. ಕೆಲವು ವಿತರಣೆಗಳು ಈ ಬಗೆಯನ್ನು ಆಫ್ ಮಾಡಿಯೇ ಕೊಡುತ್ತವೆ. ನನ್ನ ಅಭ್ಯಾಸ ಹೀಗೆ: ಸರ್ವರಿನಲ್ಲಿ ಇಆರ್‌ಎಸ್‌ಟಿ ಇದ್ದರೆ ಕಣ್ಣು ಮುಚ್ಚಿ ಬಳಸುತ್ತೇನೆ. ಯುಇಎಫ್‌ಐ ವೇರಿಯೇಬಲ್ ಮಾತ್ರ ಇದ್ದರೆ, ಬಯಾಸ್ ಅಪ್‌ಡೇಟ್ ಆಗಿದ್ದು ಸಿಸ್ಟಂಡಿ ಖಾಲಿ ಮಾಡುತ್ತಿದೆ ಎಂದು ಖಚಿತವಾದರೆ ಮಾತ್ರ. ಯಾರದೋ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾಡುವುದಿಲ್ಲ.

ನಿಮ್ಮಲ್ಲಿ ಯಾವುದುಂಟು ಎಂದು ತಿಳಿಯುವುದು ಸುಲಭ. ಬೂಟ್ ಲಾಗಿನಲ್ಲಿ ಪಿಸ್ಟೋರ್ ಎಂದು ಹುಡುಕಿ; 'ರಿಜಿಸ್ಟರ್ಡ್ ಇಆರ್‌ಎಸ್‌ಟಿ ಆ್ಯಸ್ ಪರ್ಸಿಸ್ಟೆಂಟ್ ಸ್ಟೋರ್ ಬ್ಯಾಕೆಂಡ್' ಎಂಬ ಸಾಲು ಕಂಡರೆ ಕೆಲಸ ಆಗಲೇ ಆಗಿದೆ. ಒಮ್ಮೆಗೆ ಒಂದೇ ಬ್ಯಾಕೆಂಡ್ (ಕಪಾಟು), ಅದು ಸೇರಿಕೊಂಡಿದ್ದರೆ ಯುಇಎಫ್‌ಐ ಬಗ್ಗೆ ಚಿಂತೆಯೇ ಬೇಡ. ಕಾಣದಿದ್ದರೆ ಬಯಾಸಿನೊಳಗೆ 'ವಿಯಾ (ಡಬ್ಲ್ಯು-ಎಚ್-ಇ-ಎ) ಸಪೋರ್ಟ್' ಎಂಬ ಆಯ್ಕೆ ಆಫ್ ಆಗಿರಬಹುದು. ಹೆಸರು ವಿಂಡೋಸಿನ ಎರರ್ ವ್ಯವಸ್ಥೆಯದು, ಲಿನಕ್ಸಿಗೂ ಅದೇ ಬೇಕು.

ಇದರ ಮಿತಿಯನ್ನೂ ಹೇಳಬೇಕು. ಪಿಸ್ಟೋರ್ ಸಾಮಾನ್ಯವಾಗಿ ಉಳಿಸುವುದು ಕರ್ನಲ್ ಲಾಗಿನ ಕೊನೆಯ ಹತ್ತು ಕಿಲೋಬೈಟಿನಷ್ಟು, ಸಾಕಷ್ಟಾಯಿತು. ಆದರೆ ಅದು ಬರೆಯುವುದು ಕರ್ನಲ್ ಪ್ಯಾನಿಕ್ ಆದಾಗ, ಎಂದರೆ ಮುಂದೆ ಹೋಗಲಾಗದೆ ಕರ್ನಲ್ ತಾನೇ ನಿಂತಾಗ. ಕರೆಂಟು ಚಕ್ಕನೆ ಹೋದರೆ ಬರೆಯಲು ಯಾರೂ ಬದುಕಿರುವುದಿಲ್ಲ. ಪೂರ್ತಿ ಹ್ಯಾಂಗ್ ಆದರೂ ಅಷ್ಟೇ. ಹ್ಯಾಂಗಿಗೆ ಒಂದು ಉಪಾಯ ಉಂಟು: ಕರ್ನಲ್ ಸೆಟ್ಟಿಂಗಿನಲ್ಲಿ ಅನ್‌ನೋನ್ ಎನ್‌ಎಂಐ ಪ್ಯಾನಿಕ್ ಅನ್ನು 1 ಮಾಡಿಟ್ಟರೆ, ಹ್ಯಾಂಗ್ ಆದಾಗ ಬಿಎಂಸಿಯಿಂದ 'ಪವರ್ ಡಯಾಗ್' ಕೊಟ್ಟು, ಎನ್‌ಎಂಐ ಎಂಬ ತಡೆಯಲಾಗದ ಸಂಕೇತ ಕಳಿಸಿ, ಅದನ್ನು ಬೇಕೆಂದೇ ಪ್ಯಾನಿಕ್ ಮಾಡಿಸಬಹುದು. ಪ್ಯಾನಿಕ್ ಆಯಿತೆಂದರೆ ಬರಹ ಉಳಿಯಿತು.

ಕ್ರ್ಯಾಶ್ ಆದಾಗ ಎರಡನೆಯ ಪುಟ್ಟ ಕರ್ನಲ್ ಎದ್ದು ಮೆಮೊರಿಯ ಪ್ರತಿ ತೆಗೆಯುವ ಕೆಡಂಪ್ ಹಾಕಿ ಎಂದೂ ಯಾರಾದರೂ ಹೇಳಿಯಾರು. ಒಳ್ಳೆಯದೇ, ಸಾಫ್ಟ್‌ವೇರಿನ ತಪ್ಪು ಹಿಡಿಯಲು ಅದಕ್ಕೆ ಸಾಟಿ ಇಲ್ಲ. ಆದರೆ ಕೆಡಂಪ್ ತಯಾರಿದ್ದರೆ ಪ್ಯಾನಿಕ್ ಆದ ಕೂಡಲೇ ಕರ್ನಲ್ ನೇರ ಆ ಎರಡನೆಯ ಕರ್ನಲ್‌ಗೆ ಹಾರಿಬಿಡುತ್ತದೆ, ಪಿಸ್ಟೋರ್‌ಗೆ ಬರೆಯುವ ಸರದಿಯೇ ಬರುವುದಿಲ್ಲ. 'ಎರಡೂ ಹಾಕಿದ್ದೇನೆ, ಪಿಸ್ಟೋರ್ ಖಾಲಿ' ಎಂಬ ದೂರಿಗೆ ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ. ಕ್ರ್ಯಾಶ್ ಕೆಎಕ್ಸೆಕ್ ಪೋಸ್ಟ್ ನೋಟಿಫೈಯರ್ಸ್ ಎಂಬ ಬೂಟ್ ಆಯ್ಕೆ ಕೊಟ್ಟರೆ ಕ್ರಮ ಬದಲಾಗುತ್ತದೆ. ಅದರ ಅಪಾಯ ಎಂದರೆ ನಡುವಿನ ಕೆಲಸದಲ್ಲಿ ಸಿಕ್ಕಿಬಿದ್ದರೆ ಕೆಡಂಪೂ ಕೈತಪ್ಪಬಹುದು. ನಿಮ್ಮ ಸಂಶಯ ಹಾರ್ಡ್‌ವೇರಿನ ಮೇಲೆ ಇರುವುದರಿಂದ ಸದ್ಯಕ್ಕೆ ಕೆಡಂಪನ್ನು ಆಚೆ ಇಡಿ. ಅದರ ಫೈಲಿನಲ್ಲಿ ರ‍್ಯಾಮಿನ ಪ್ರತಿ, ಕೆಲವೊಮ್ಮೆ ಇಡೀ ರ‍್ಯಾಮಿನದೇ, ಇರಬಹುದು ಎಂಬುದೂ ನೆನಪಿರಲಿ, ನಿಮ್ಮ ಧಣಿಗಳ ಲೆಕ್ಕಪತ್ರ ಸಮೇತ. ಯಾರು ಕೇಳಿದರೂ ಮೇಲ್ ಮಾಡುವಂಥದ್ದಲ್ಲ.

ರ‍್ಯಾಮ್‌ಊಪ್ಸ್ ಎಂಬ ಇನ್ನೊಂದು ದಾರಿ ಮೊಬೈಲುಗಳಲ್ಲಿ ಚೆನ್ನಾಗಿ ನಡೆಯುತ್ತದೆ. ರ‍್ಯಾಮಿನ ಒಂದು ಮೂಲೆಯಲ್ಲಿ ಬರೆದು, ರೀಬೂಟ್ ಆದ ಮೇಲೆ ಅಲ್ಲೇ ಓದುವುದು. ಇಸಿಸಿ ಸರ್ವರುಗಳು ಬೂಟಿನಲ್ಲಿ ಮೆಮೊರಿಯನ್ನೆಲ್ಲ ಹೊಸದಾಗಿ ಬರೆದು ಶುರು ಮಾಡುವುದು ಹೆಚ್ಚು, ಹಾಗಾಗಿ ನಿಮಗೆ ಬೇಡ. ಅದಕ್ಕಿಂತ ಬಿಎಂಸಿಯ ಸೀರಿಯಲ್ ಓವರ್ ಲ್ಯಾನ್ ಉತ್ತಮ. ಪಕ್ಕದಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇಟ್ಟು ಸರ್ವರಿನ ಕನ್ಸೋಲನ್ನು ರಾತ್ರಿಯಿಡೀ ಫೈಲಿಗೆ ಇಳಿಸಿಕೊಳ್ಳುತ್ತ ಇರಲಿ. ಬೀಳುವಾಗಿನ ಕೊನೆಯ ಮಾತು ಬೇರೆ ಯಂತ್ರದಲ್ಲಿ ಉಳಿದಿರುತ್ತದೆ.

ಇನ್ನು ರಬ್ಬರ್. ಅಂಗಡಿಯವರು ಮಾಡಿದ್ದರಲ್ಲಿ ಅರ್ಧ ಸತ್ಯ ಉಂಟು. ನೀವು ಬರೆದಿಲ್ಲ, ಆದರೆ ಕೋಲ್ಡ್ ಸ್ಟೋರೇಜ್ ಎಂದ ಮೇಲೆ ಹತ್ತಿರದಲ್ಲೇ ಅಮೋನಿಯಾ ಪ್ಲಾಂಟ್ ಇರಬೇಕು. ತೇವದ ಜೊತೆ ಸೇರಿದ ಅಮೋನಿಯಾ ತಾಮ್ರವನ್ನು ತಿನ್ನುತ್ತದೆ. ಸಮುದ್ರದ ಉಪ್ಪಿನ ಗಾಳಿ ಅದರ ಮೇಲೆ. ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಬೀಳುವ ಊರಿನಲ್ಲಿ ಆಟಿ ತಿಂಗಳಿನಲ್ಲಿ ಕಬ್ಬಿಣದ ಕಪಾಟಿನೊಳಗಿನ ಫೈಲಿಗೇ ಬೂಸ್ಟು ಬರುತ್ತದೆ, ಸರ್ವರ್ ಬಿಟ್ಟೀತೇ? ರ‍್ಯಾಮಿನ ಸಂಪರ್ಕ ಪಟ್ಟಿಗೆ ಚಿನ್ನದ ಲೇಪ ಇದ್ದರೂ ಅದು ಬಹಳ ತೆಳು, ಸೂಕ್ಷ್ಮ ತೂತುಗಳಿಂದ ಕೆಳಗಿನ ಲೋಹ ಕಿಲುಬು ಹಿಡಿಯುತ್ತದೆ. ತೆಗೆದು ಹಾಕಿದ್ದರಿಂದಲೇ ಸಂಪರ್ಕ ಸ್ವಲ್ಪ ದಿನ ಸರಿಯಾಯಿತು. ರಬ್ಬರಿನಿಂದ ಉಜ್ಜಿದಾಗ ಇದ್ದ ಚಿನ್ನವೂ ಸವೆದು ಮುಂದಿನ ಸಲ ಇನ್ನೂ ಬೇಗ ಹಾಳಾಗುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ, ಅಷ್ಟೇ ಸಾಕು. ಇದೆಲ್ಲಕ್ಕಿಂತ ನನಗೆ ಬೇಸರ ಎನಿಸಿದ್ದು ನಾಲ್ಕು ರ‍್ಯಾಮುಗಳಲ್ಲಿ ಯಾವುದು ಯಾವ ಸ್ಲಾಟಿನಲ್ಲಿತ್ತು ಎಂಬುದು ಈಗ ಯಾರಿಗೂ ಗೊತ್ತಿಲ್ಲದಿರುವುದು. ಹಳೆಯ ಲಾಗಿನಲ್ಲಿ ಸ್ಲಾಟಿನ ಹೆಸರು ಸಿಕ್ಕಿದರೂ ಆ ರ‍್ಯಾಮ್ ಈಗ ಅಲ್ಲೇ ಇದೆ ಎನ್ನುವಂತಿಲ್ಲ. ಇನ್ನು ಮುಂದೆ ಮುಟ್ಟುವ ಮೊದಲು ಫೋಟೋ, ಪ್ರತಿಯೊಂದರ ಸೀರಿಯಲ್ ನಂಬರ್ ಬರೆದ ಚೀಟಿ.

ಇಸಿಸಿ ಇದ್ದರೆ ರ‍್ಯಾಮ್ ಕೆಡುವುದಿಲ್ಲ, ಒಂದೊಂದು ಎರರ್ ಕಾಸ್ಮಿಕ್ ಕಿರಣದಿಂದ ಬರುವುದು ಎಂದೂ ಕೆಲವರು ಹೇಳುತ್ತಾರೆ. 1970ರ ದಶಕದ ಕೊನೆಗೆ ಇಂಟೆಲ್‌ನಲ್ಲಿ ಚಿಪ್ಪಿನ ಪ್ಯಾಕೇಜಿನ ವಿಕಿರಣಶೀಲ ಕಲ್ಮಶದಿಂದಲೇ ಬಿಟ್ ತಿರುಗುವುದನ್ನು ಕಂಡುಹಿಡಿದದ್ದು ನಿಜ, ಬಾಹ್ಯಾಕಾಶದ ಕಣಗಳೂ ನಿಜ. ಆದರೆ 2009ರಲ್ಲಿ ಗೂಗಲ್‌ನ ಸರ್ವರುಗಳ ಮೇಲೆ ಬಿಯಾಂಕಾ ಶ್ರೋಡರ್ ಮತ್ತು ಸಂಗಡಿಗರು ಮಾಡಿದ ಅಧ್ಯಯನದಲ್ಲಿ ವರ್ಷಕ್ಕೆ ಸುಮಾರು ಮೂರರಲ್ಲೊಂದು ಯಂತ್ರದಲ್ಲಿ, ನೂರರಲ್ಲಿ ಎಂಟಕ್ಕಿಂತ ಹೆಚ್ಚು ರ‍್ಯಾಮುಗಳಲ್ಲಿ ಸರಿಪಡಿಸಬಹುದಾದ ಎರರ್ ಕಂಡಿತ್ತು, ಅದರಲ್ಲಿ ಹೆಚ್ಚಿನವು ಹಾರ್ಡ್‌ವೇರಿನದೇ ದೋಷ ಎಂದು ತೀರ್ಮಾನವಾಯಿತು. ಒಂದೇ ರ‍್ಯಾಮಿನಲ್ಲಿ ಪದೇ ಪದೇ ಬಂದರೆ ಆಕಾಶ ನೋಡಬೇಡಿ.

ಹಾಗಾಗಿ ಸರಿಪಡಿಸಿದ ಎರರುಗಳ ಲೆಕ್ಕ ಇಡುವುದೂ ನಿಮಗೆ ಬೇಕು. ದೊಡ್ಡದು ಬೀಳುವ ಮೊದಲು ಸಣ್ಣವು ಬರುವುದುಂಟು. ಕರ್ನಲ್‌ನಲ್ಲಿ ಇಂಥ ಎರರ್ ಎಣಿಸುವ ಎಡಾಕ್ ಎಂಬ ಭಾಗದ ಲೆಕ್ಕ ಪ್ರತಿ ರೀಬೂಟಿನಲ್ಲೂ ಸೊನ್ನೆಯಾಗುತ್ತದೆ. ರಾಸ್‌ಡೀಮನ್ ಎಂಬ ಪ್ರೋಗ್ರಾಂ ಹಾಕಿ, ರೆಕಾರ್ಡ್ ಆಯ್ಕೆ ಆನ್ ಇರಲಿ, ಅದು ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಬರೆದಿಡುತ್ತದೆ. ಹಳೆಯ ಎಂಸಿಇಲಾಗ್ ಹಾಕಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಅದರ ಕಾಲ ಮುಗಿಯಿತು. ರಾಸ್-ಎಂಸಿ-ಸಿಟಿಎಲ್ ಕೊಟ್ಟು ಸಮ್ಮರಿ ಕೇಳಿದರೆ ಯಾವ ಚಾನಲ್, ಯಾವ ಡಿಮ್ (ರ‍್ಯಾಮ್ ಪಟ್ಟಿ) ಎಂದು ತೋರಿಸುತ್ತದೆ. ಕರ್ನಲ್ 'ಚಾನಲ್ 1, ಡಿಮ್ 0' ಎನ್ನುವುದು, ಬೋರ್ಡಿನ ಮೇಲೆ ಅಚ್ಚಾಗಿರುವುದು 'ಬಿ1' ಎಂದು. ಎರಡನ್ನೂ ಹೊಂದಿಸಲು ಡಿಎಂಐಡಿಕೋಡ್ ಟೈಪ್ 17 ನೋಡಿ, ಸರ್ವರಿನ ಮುಚ್ಚಳದ ಒಳಗೆ ಅಂಟಿಸಿದ ಚಿತ್ರವನ್ನೂ ನೋಡಿ. ಇಲ್ಲಿ ತಪ್ಪಿ ಒಳ್ಳೆಯ ರ‍್ಯಾಮನ್ನು ವಾಪಸು ಕಳಿಸಿದವರಲ್ಲಿ ನಾನೂ ಒಬ್ಬ.

ನಿಮ್ಮ ಜಾಗದಲ್ಲಿ ನಾನಿದ್ದರೆ ಇವತ್ತು ಸಂಜೆಯೇ ಬಿಎಂಸಿಯ ಲಾಗ್ ಇಳಿಸಿ ಅದರ ಗಡಿಯಾರ ಸರಿ ಮಾಡುತ್ತಿದ್ದೆ. ಪಿಸ್ಟೋರ್ ಫೋಲ್ಡರುಗಳನ್ನು ನೋಡುತ್ತಿದ್ದೆ, ರಾಸ್‌ಡೀಮನ್ ಹಾಕುತ್ತಿದ್ದೆ. ವಾಚ್‌ಮನ್‌ಗೆ ನನ್ನ ನಂಬರ್ ಕೊಟ್ಟು, ಬಿದ್ದರೆ ಪ್ಲಗ್ ಮುಟ್ಟದೆ ಫೋನ್ ಮಾಡಲು ಹೇಳುತ್ತಿದ್ದೆ. ಆಮೇಲೆ ಈ ವ್ಯವಸ್ಥೆ ನಿಜಕ್ಕೂ ಹಿಡಿಯುತ್ತದೋ ಎಂದು ಒಮ್ಮೆ ಪರೀಕ್ಷೆ: ಬ್ಯಾಕಪ್ ತೆಗೆದು, ಎಲ್ಲರೂ ಮನೆಗೆ ಹೋದ ಮೇಲೆ ಕರ್ನಲ್‌ಗೆ ನೇರ ಆಜ್ಞೆ ಕೊಡುವ ಸಿಸ್‌ರಿಕ್ ಟ್ರಿಗರಿಗೆ 'ಸಿ' ಅಕ್ಷರ ಕೊಟ್ಟರೆ ಕರ್ನಲ್ ಬೇಕೆಂದೇ ಕ್ರ್ಯಾಶ್ ಆಗುತ್ತದೆ. ಎದ್ದು ಬಂದ ಮೇಲೆ ಪಿಸ್ಟೋರ್‌ನಲ್ಲಿ ಫೈಲ್ ಇರಬೇಕು. ತಾನಾಗಿ ಏಳಬೇಕಾದರೆ ಕರ್ನಲ್‌ನ ಪ್ಯಾನಿಕ್ ಸೆಟ್ಟಿಂಗಿಗೆ ಮೊದಲೇ 30 ಎಂದು ಕೊಟ್ಟಿರಿ. ಸೀಸನ್ ನಡೆಯುವಾಗ ಧಣಿಗಳು ಇದಕ್ಕೆ ಒಪ್ಪಲಿಕ್ಕಿಲ್ಲ. ಜೂನ್-ಜುಲೈ ಮೀನುಗಾರಿಕೆ ರಜೆ ಇಂಥದ್ದಕ್ಕೆ ಹೇಳಿ ಮಾಡಿಸಿದ ಕಾಲ, ಆದರೆ ನಿಮ್ಮ ವಾರಂಟಿ ಅಲ್ಲಿಯವರೆಗೆ ಇಲ್ಲದಿದ್ದರೆ ಒಂದು ಆದಿತ್ಯವಾರ ರಾತ್ರಿ ಕೇಳಿ ನೋಡಿ.

ಒಂದು ರ‍್ಯಾಮಿನ ಹೆಸರು ಸಿಕ್ಕಿತೆಂದಾದರೆ ಕೂಡಲೇ ಕಳಿಸಬೇಡಿ. ಅದನ್ನು ಬೇರೆ ಸ್ಲಾಟಿನ ರ‍್ಯಾಮಿನ ಜೊತೆ ಅದಲು ಬದಲು ಮಾಡಿ ಕಾಯಿರಿ. ಎರರ್ ಅದರ ಹಿಂದೆಯೇ ಹೋದರೆ ರ‍್ಯಾಮ್ ಕೆಟ್ಟಿದೆ. ಹಳೆಯ ಸ್ಲಾಟಿನಲ್ಲೇ ಉಳಿದರೆ ಸ್ಲಾಟೋ ಪ್ರೊಸೆಸರೋ, ಆಗ ಕ್ಲೇಮ್ ಮದರ್‌ಬೋರ್ಡಿಗೆ. ಬಿಎಂಸಿ ಲಾಗಿನ ಫೈಲು, ಪಿಸ್ಟೋರ್ ಫೈಲು, ರಾಸ್‌ಡೀಮನ್ನಿನ ಸಮ್ಮರಿ, ಅದಲು ಬದಲು ಮಾಡಿದ ತಾರೀಕು, ಸೀರಿಯಲ್ ನಂಬರಿನ ಫೋಟೋ, ಇಷ್ಟು ಸೇರಿಸಿ ಲಿಖಿತವಾಗಿ ಕಳಿಸಿದ ಕ್ಲೇಮನ್ನು ಕರೆಂಟಿನ ಸಮಸ್ಯೆ ಎಂದು ತಳ್ಳಿಹಾಕುವುದು ಕಷ್ಟ.

ಅವರ ಮಾತು ಸುಳ್ಳೇ ಇರಬೇಕೆಂದೂ ಇಲ್ಲ. ವಾರ್ಮ್ ರೀಸೆಟ್ ಆದ ಮೇಲೂ ಬ್ಯಾಂಕ್ ಖಾಲಿ, ಪಿಸ್ಟೋರ್ ಖಾಲಿ, ಬಿಎಂಸಿಯಲ್ಲಿ ಮೆಮೊರಿಯ ಸುದ್ದಿ ಇಲ್ಲ, ಇರುವುದು 'ಪವರ್ ಸಪ್ಲೈ ಎಸಿ ಲಾಸ್ಟ್' ಮಾತ್ರ ಎಂದಾದರೆ ಕಂಪನಿಯವರು ಸರಿ. ಆಗ ಯುಪಿಎಸ್ ಬ್ಯಾಟರಿ, ಜನರೇಟರಿಗೆ ಬದಲಾಗುವ ಚೇಂಜ್‌ಓವರ್, ಅರ್ಥಿಂಗ್ ನೋಡಿ. ರಾತ್ರಿ ಕಂಪ್ರೆಸರ್ ಶುರುವಾಗುವ ಹೊತ್ತಿಗೂ ನಿಮ್ಮ 2:17ಕ್ಕೂ ಹೊಂದಾಣಿಕೆ ಇದೆಯೋ ಎಂದು ಆಪರೇಟರನ್ನೇ ಕೇಳಿ, ಅವರ ಹತ್ತಿರ ಲಾಗ್ ಬುಕ್ ಇರುತ್ತದೆ.

ಮುಂದಿನ ಸಲ ಬಿದ್ದು ಎದ್ದಾಗ ಬೂಟ್ ಲಾಗಿನಲ್ಲಿ 'ಬ್ಯಾಂಕ್' ಎಂಬ ಪದ ಇರುವ ಸಾಲನ್ನು ನನಗೆ ಕಳಿಸಿ. ಅದರ ಪಕ್ಕದಲ್ಲಿ ಹದಿನಾರು ಅಕ್ಷರ-ಅಂಕೆಗಳ ಒಂದು ಸ್ಟೇಟಸ್ ಇರುತ್ತದೆ. ಮೊಬೈಲಿನಲ್ಲಿ ಫೋಟೋ ಹೊಡೆದರೆ 8 ಮತ್ತು ಬಿ ಒಂದೇ ಥರ ಕಾಣುತ್ತದೆ, ಹಾಗಾಗಿ ಕಾಪಿ ಮಾಡಿಯೇ ಕಳಿಸಿ. ಜೊತೆಗೆ ಪ್ರೊಸೆಸರಿನ ಮಾಡೆಲ್ ನಂಬರ್ ಬೇಕು.